ಸೊಸೈಟಿಯ ಸದಸ್ಯರೆಲ್ಲರ ಮೊಬೈಲ್ ಸಂಖ್ಯೆ 2147483647 ಆಗಿದೆ. ಇದು ಅವಿಭಾಜ್ಯ ಸಂಖ್ಯೆಯಂತೆ, ಹೌದೇ?

ಹೊಳೆಯಾಚೆಯವ (ಶಿರಸಿ) · ಸೋಮವಾರ ಸಂಜೆ 6:40

ನಮ್ಮ ಕಡೆಯ ಒಂದು ಸೊಸೈಟಿಯಲ್ಲಿ ಸದಸ್ಯರ ವಹಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ತಲೆಗೆ ಬಂದಿದೆ. ಹೆಸರು ಕೇಳಬೇಡಿ, ಕೆಲಸ ಇನ್ನೂ ಕಾಯಂ ಆಗಿಲ್ಲ. ಮಳೆಗಾಲ, ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತದೆ. ಆದರೂ ಹದಿನೈದು ದಿನ ಕೂತು 412 ಜನರ ಹೆಸರು, ಊರು, ಫೋನ್ ಸಂಖ್ಯೆ ತುಂಬಿಸಿದೆ. ವಾರ್ಷಿಕ ಸಭೆಯ ಸಂದೇಶ ಕಳಿಸೋಣವೆಂದು ಇಂದು ಪಟ್ಟಿ ಮುದ್ರಿಸಿದರೆ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಎಲ್ಲರ ಮುಂದೂ ಒಂದೇ ಸಂಖ್ಯೆ: 2147483647.

ಕಾರ್ಯದರ್ಶಿಯವರು ಕನ್ನಡಕ ಏರಿಸಿ ನೋಡಿ, "ಯಾರಪ್ಪ ಇವನು, ಇಷ್ಟು ಜನರ ಖಾತೆಯನ್ನು ಒಬ್ಬನೇ ನಡೆಸುತ್ತಿದ್ದಾನೆಯೇ?" ಎಂದರು. ಆ ಸಂಖ್ಯೆಗೆ ಕರೆಯನ್ನೂ ಮಾಡಿದರು. ಹೋಗಲಿಲ್ಲ.

ಶಾಲೆಯ ಯಾವುದೋ ಹಾಳೆ ಮುದ್ರಿಸಿಕೊಳ್ಳಲು ಅಣ್ಣನ ಮಗಳು ಬಂದಿದ್ದಳು, ಒಂಬತ್ತನೇ ತರಗತಿ. ಪಟ್ಟಿ ನೋಡಿದವಳೇ, "ಅಪ್ಪಚ್ಚಿ, ಇದು ಅವಿಭಾಜ್ಯ ಸಂಖ್ಯೆ" ಎಂದಳು. ನಮ್ಮ ಲೆಕ್ಕಪತ್ರದ ಭಾವ ಒಪ್ಪಲಿಲ್ಲ. ಕ್ಯಾಲ್ಕುಲೇಟರ್ ಹಿಡಿದು ಅರ್ಧ ಗಂಟೆ ಭಾಗಿಸಿದರು. ಕೊನೆಗೆ ಒಂದು ಕಟ್ಟು ತೊಡದೇವಿನ (ನಮ್ಮ ಕಡೆಯ ಸಿಹಿ) ಪಂಥ ಆಗಿದೆ.

ಹಾಗಾಗಿ ಪ್ರಶ್ನೆ ಎರಡು. ಇದೇ ಸಂಖ್ಯೆ ಏಕೆ ಬಂತು? ಇದು ಅವಿಭಾಜ್ಯವೆಂದು ಗೊತ್ತಾಗುವುದು ಹೇಗೆ?

ಕಡಲತಡಿ (ಕಾರವಾರ) · ಸಂಜೆ 6:58

ಮೊದಲನೆಯದಕ್ಕೆ ಉತ್ತರ ಸುಲಭ, ಸುದ್ದಿ ಕೆಟ್ಟದ್ದು. ಫೋನ್ ಸಂಖ್ಯೆಯ ಕಾಲಂ ಅನ್ನು ನೀವು ಅಥವಾ ತಂತ್ರಾಂಶ ಬರೆದವರು "ಪೂರ್ಣಾಂಕ" ಎಂದು ಇಟ್ಟಿದ್ದೀರಿ. ಅದಕ್ಕೆ 32 ಬಿಟ್‌ಗಳ, ಅಂದರೆ 0 ಅಥವಾ 1 ಹಿಡಿಯುವ 32 ಮನೆಗಳ ಜಾಗ. ಒಂದು ಬಿಟ್ ಧನವೋ ಋಣವೋ ಎಂಬ ಗುರುತಿಗೆ ಹೋಗುತ್ತದೆ, ಉಳಿದದ್ದು 31. ಆ ಮೂವತ್ತೊಂದೂ ತುಂಬಿದಾಗ ಬರುವ ಮೊತ್ತ 1+2+4+8 ಎಂದು ದ್ವಿಗುಣವಾಗುತ್ತ 2147483647. ಅದಕ್ಕಿಂತ ದೊಡ್ಡದು ಆ ಕೊಳಗದಲ್ಲಿ ಹಿಡಿಯುವುದಿಲ್ಲ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6, 7, 8, 9ರಿಂದ ಶುರುವಾಗುವ ಹತ್ತಂಕಿಯವು, ಎಲ್ಲವೂ ಇದಕ್ಕಿಂತ ದೊಡ್ಡವು. ಹಳೆಯ ಡೇಟಾಬೇಸ್ ತಕರಾರು ಮಾಡದೆ ಕಂಠಮಟ್ಟ ತುಂಬಿ ಉಳಿದದ್ದನ್ನು ಹೊರಗೆ ಚೆಲ್ಲಿದೆ. ಹೊಸವಾದರೆ ತಪ್ಪು ಎಂದು ಅಲ್ಲಿಯೇ ನಿಲ್ಲಿಸುತ್ತವೆ.

ಕಾಲಂ ಅನ್ನು ಅಕ್ಷರಪಠ್ಯಕ್ಕೆ ಬದಲಿಸಿ. ಫೋನ್ ಸಂಖ್ಯೆಯನ್ನು ಯಾರೂ ಕೂಡಿಸುವುದಿಲ್ಲ, ಗುಣಿಸುವುದಿಲ್ಲ, ಅದು ಸಂಖ್ಯೆಯೇ ಅಲ್ಲ. ಚೆಲ್ಲಿಹೋದ ಅಂಕಿಗಳು ಮಾತ್ರ ಮರಳುವುದಿಲ್ಲ. ವಹಿ ತೆಗೆದು ಮತ್ತೆ ಬರೆಯಿರಿ.

ಚಾಲಿ ಬೆಟ್ಟೆ (ಸಿದ್ದಾಪುರ) · ಸಂಜೆ 7:05

ಹದಿನೈದು ದಿನದ ಕೆಲಸ ಹೊಳೆಗೆ ಹೋಯಿತು, ಹೊಳೆಯಾಚೆಯವರೇ.

ಹೊಳೆಯಾಚೆಯವ · ಸಂಜೆ 7:11

ಕಡಲತಡಿಯವರು ಹೇಳಿದ್ದು ಸರಿ. ಈಗ ಮತ್ತೆ ನೋಡಿದೆ, ಏಳು ಜನರ ಮುಂದೆ ಸಂಖ್ಯೆ ಸರಿಯಾಗಿಯೇ ಇದೆ. ಎಲ್ಲರೂ ಮೊಬೈಲ್ ಇಲ್ಲದ ಹಿರಿಯರು, ಮನೆಯ ದೂರವಾಣಿ ಬರೆಸಿದವರು. ಎಸ್‌ಟಿಡಿ ಕೋಡ್ ಇಲ್ಲದ ಆರಂಕಿಯಾದ್ದರಿಂದ ಕೊಳಗದಲ್ಲಿ ಹಿಡಿಸಿದೆ. "ಎಲ್ಲರ ಮುಂದೂ" ಎಂದು ಶೀರ್ಷಿಕೆಯಲ್ಲಿ ಬರೆದದ್ದು ತಪ್ಪು, 405 ಜನ ಎಂದು ಓದಿಕೊಳ್ಳಿ.

ಕಿರ್ದಿ ಪುಸ್ತಕ (ಶಿರಸಿ) · ಸಂಜೆ 7:30

ತೊಡದೇವಿನ ಪಂಥ ಕಟ್ಟಿದ ಭಾವ ನಾನೇ. ತಮ್ಮಾ, ಊರಿಗೆಲ್ಲ ಸಾರುವ ಮೊದಲು ನನ್ನ ವಾದವನ್ನೂ ಬರೆಯಬೇಕಿತ್ತು. 3, 7, 11, 13 ಎಂದು 97ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿದ್ದೇನೆ, ಯಾವುದೂ ಸರಿಯಾಗಿ ಹೋಗಲಿಲ್ಲ, ಅದು ನಿಜ. ಆದರೆ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆಯ ಸಂಖ್ಯೆ. ಇಷ್ಟು ದೊಡ್ಡದು ಎಲ್ಲೋ ಒಂದು ಕಡೆ ಒಡೆಯಲೇಬೇಕು. ಸಂಖ್ಯೆ ದೊಡ್ಡದಾದಷ್ಟೂ ಅದನ್ನು ಭಾಗಿಸಬಲ್ಲ ಸಣ್ಣವು ಹೆಚ್ಚುತ್ತವೆ. ಮೂವತ್ತು ವರ್ಷ ಲೆಕ್ಕ ಬರೆದವನು ನಾನು.

ಸಂಶಯಪಿಶಾಚಿ (ಹೊನ್ನಾವರ) · ಸಂಜೆ 7:34

ಗೂಗಲ್ ಮಾಡಿದರೆ ಎರಡು ಸೆಕೆಂಡಿನಲ್ಲಿ ಅವಿಭಾಜ್ಯ ಎಂದು ಬರುತ್ತದೆ. ಇದಕ್ಕೊಂದು ಚರ್ಚೆಯೇ?

ಕಿರ್ದಿ ಪುಸ್ತಕ · ಸಂಜೆ 7:36

ಗೂಗಲ್ ಹೇಳಿದ್ದಕ್ಕೆ ನಾನು ತೊಡದೇವು ಕೊಡುವುದಿಲ್ಲ. ವೋಚರ್ ಬೇಕು.

ಮೇಷ್ಟರು (ಕುಮಟಾ, ನಿವೃತ್ತ) · ರಾತ್ರಿ 8:15

ವೋಚರ್ ಕೇಳಿದ ಭಾವ ನನಗೆ ಮೆಚ್ಚುಗೆಯಾದರು. ಹುಡುಗಿ ಹೇಳಿದ್ದು ಸರಿ, ಆದರೆ ಇವರ ಹಟವೂ ಸರಿ. ಗಣಿತದಲ್ಲಿ "ಅವರು ಹೇಳಿದ್ದಾರೆ" ನಡೆಯುವುದಿಲ್ಲ.

ದೊಡ್ಡ ಸಂಖ್ಯೆಗಳಲ್ಲಿ ಅವಿಭಾಜ್ಯ ವಿರಳವಾಗುತ್ತದೆ ಎಂಬುದು ನಿಜ, ಮುಗಿದುಹೋಗುವುದಿಲ್ಲ. ಈ ಗಾತ್ರದ ಆಸುಪಾಸಿನಲ್ಲಿ ಸರಾಸರಿ ಇಪ್ಪತ್ತೊಂದು ಇಪ್ಪತ್ತೆರಡು ಸಂಖ್ಯೆಗಳಿಗೊಂದು ಸಿಗುತ್ತದೆ. ಮೊಬೈಲ್ ಸಂಖ್ಯೆಗಳ ಗಾತ್ರದಲ್ಲಿ ಇಪ್ಪತ್ತಮೂರಕ್ಕೊಂದು ಎನ್ನಿ. ಆ ಲೆಕ್ಕದಲ್ಲಿ ನಿಮ್ಮ 405 ಜನರಲ್ಲಿ ಹದಿನೆಂಟು ಮಂದಿಯ ಜೇಬಿನಲ್ಲಿ ಅವಿಭಾಜ್ಯ ಸಂಖ್ಯೆ ಇರಬೇಕು.

ಇನ್ನು ಎಲ್ಲಿಯವರೆಗೆ ಭಾಗಿಸಬೇಕು? 97 ಸಾಲದು. ವರ್ಗಮೂಲದವರೆಗೆ ಹೋಗಬೇಕು, ಅಂದರೆ 46,340ರವರೆಗೆ. ಎರಡು ಅಪವರ್ತನಗಳಿದ್ದರೆ ಅವುಗಳಲ್ಲೊಂದು ಅದಕ್ಕಿಂತ ಕೆಳಗೆ ಇರಲೇಬೇಕು. ಅಲ್ಲಿಯವರೆಗೆ 4,792 ಅವಿಭಾಜ್ಯಗಳಿವೆ. ಭಾವ ಮಾಡಿರುವುದು ಇಪ್ಪತ್ತೈದು.

ಚಾಲಿ ಬೆಟ್ಟೆ · ರಾತ್ರಿ 8:21

ನನ್ನ ಸಂಖ್ಯೆ 5ರಲ್ಲಿ ಮುಗಿಯುತ್ತದೆ. ಹದಿನೆಂಟರಲ್ಲಿ ನಾನಿಲ್ಲ.

ಅಪ್ಪೆಮಿಡಿ (ಶಿರಸಿ) · ರಾತ್ರಿ 8:24

ನನ್ನದು 1ರಲ್ಲಿ. ಅಂಕಿ ಕೂಡಿಸಿದೆ, 45 ಬಂತು, 9ರಿಂದ ಹೋಗುತ್ತದೆ. ಬೇಸರವಾಯಿತು, ಏಕೆಂದು ಗೊತ್ತಿಲ್ಲ.

ಕಿರ್ದಿ ಪುಸ್ತಕ · ರಾತ್ರಿ 8:30

4,792 ಭಾಗಾಕಾರವೇ? ಮೇಷ್ಟರೇ, ಆಡಿಟ್ ಇದೆ ನನಗೆ.

ಘಟ್ಟದ ಕೆಳಗಿನವಳು (ಅಂಕೋಲಾ, ಎಂ.ಎಸ್ಸಿ. ಗಣಿತ) · ರಾತ್ರಿ 8:52

ಅಷ್ಟೊಂದು ಬೇಡ. ಹದಿನೆಂಟನೇ ಶತಮಾನದ ಗಣಿತಜ್ಞ ಆಯ್ಲರ್ ಇದನ್ನು ಕೈಯಲ್ಲಿ ಮಾಡಿ ಮುಗಿಸಿದ್ದರು. ಬರ್ನೌಲಿ ಎಂಬ ಇನ್ನೊಬ್ಬ ಗಣಿತಜ್ಞರಿಗೆ ಬರೆದ, 1772ರಲ್ಲಿ ಅಚ್ಚಾದ ಪತ್ರದಲ್ಲಿ ಇದು ಬರುತ್ತದೆ. ಆ ಹೊತ್ತಿಗೆ ಅವರಿಗೆ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು, ಹಿಂದಿನ ವರ್ಷ ಮಾಡಿಸಿದ ಪೊರೆಯ ಶಸ್ತ್ರಚಿಕಿತ್ಸೆ ಕೈಗೂಡಿರಲಿಲ್ಲ. ಕ್ಯಾಲ್ಕುಲೇಟರ್ ಬಿಡಿ, ತಾವು ಬರೆದದ್ದನ್ನು ಓದಿಕೊಳ್ಳಲೂ ಆಗದ ಮನುಷ್ಯ.

ಆದರೆ ಭಾವನವರ ಸಂಶಯವನ್ನು ತಳ್ಳಿಹಾಕಬೇಡಿ. ಫ್ರಾನ್ಸಿನ ಗಣಿತಜ್ಞ ಫರ್ಮಾ 2ರ 32ನೇ ಘಾತಕ್ಕೆ 1 ಕೂಡಿಸಿದರೆ ಅವಿಭಾಜ್ಯ ಎಂದು ನಂಬಿದ್ದರು, ಅಂದರೆ 4294967297. ಅದನ್ನೂ 97ರವರೆಗೆ ಭಾಗಿಸಿ ನೋಡಿ, ಒಂದೂ ಹೋಗುವುದಿಲ್ಲ. 1732ರಲ್ಲಿ ಇದೇ ಆಯ್ಲರ್ ಅದನ್ನು ಒಡೆದರು: 641 × 6700417. ಹಾಗಾಗಿ "ಎಲ್ಲೋ ಒಂದು ಕಡೆ ಒಡೆಯುತ್ತದೆ" ಎಂದು ಕೂತವರು ಒಮ್ಮೆ ಗೆದ್ದಿದ್ದಾರೆ.

ಕಿರ್ದಿ ಪುಸ್ತಕ · ರಾತ್ರಿ 8:55

ನೋಡಿದಿರಾ. ತಂಗಿ, ನೀವು ನನ್ನ ಕಡೆಯೋ ಆ ಹುಡುಗಿಯ ಕಡೆಯೋ?

ಘಟ್ಟದ ಕೆಳಗಿನವಳು · ರಾತ್ರಿ 8:56

ಹುಡುಗಿಯ ಕಡೆ. ತೊಡದೇವು ನನಗೂ ಒಂದು.

ಯಲ್ಲಾಪುರದ ಬೆಂಗಳೂರಿಗ · ರಾತ್ರಿ 9:10

ಇದಕ್ಕೆಲ್ಲ ವೇದಗಣಿತದಲ್ಲಿ ಒಂದು ಸೂತ್ರವಿದೆ, ಒಂದೇ ಸಾಲು. ಅವಿಭಾಜ್ಯವೋ ಅಲ್ಲವೋ ತಕ್ಷಣ ಗೊತ್ತಾಗುತ್ತದೆ.

ಮೇಷ್ಟರು · ರಾತ್ರಿ 9:14

ಆ ಸಾಲನ್ನು ಇಲ್ಲಿ ಬರೆಯಿರಿ. 4294967297ಕ್ಕೆ ಹಚ್ಚಿ ನೋಡೋಣ.

ಮೇಷ್ಟರು · ರಾತ್ರಿ 10:02

ಬರೆಯಲಿಲ್ಲ. ಸರಿ. ನಮ್ಮ ದೇಶದ ಕೊಡುಗೆ ಬೇಕಿದ್ದರೆ ನಿಜವಾದದ್ದೇ ಇದೆ, 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟದ್ದು. ಯಾವ ಸಂಖ್ಯೆಯಾದರೂ ಸರಿ, ಅವಿಭಾಜ್ಯವೇ ಎಂದು ಅದೃಷ್ಟವನ್ನು ನಂಬದೆ, ಯಾವ ಊಹೆಯನ್ನೂ ಆಧರಿಸದೆ, ಅಂಕಿಗಳು ಹೆಚ್ಚಿದರೂ ಕೈಮೀರಿ ಬೆಳೆಯದ ಸಮಯದಲ್ಲಿ ಹೇಳಬಹುದು ಎಂದು ಸಾಧಿಸಿದರು. ಕಯಾಲ್ ಮತ್ತು ಸಕ್ಸೇನಾ ಆಗ ಬಿ.ಟೆಕ್. ಮುಗಿಸಿದ್ದ ಹುಡುಗರು ಅಷ್ಟೇ.

ಈಗ ಆಯ್ಲರ್ ಕೆಲಸ ಉಳಿಸಿದ ಬಗೆ. ಕರಿಹಲಗೆ ಇಲ್ಲ, ಆದರೂ ಪ್ರಯತ್ನಿಸುತ್ತೇನೆ. ಸಣ್ಣ ಉದಾಹರಣೆ ತೆಗೆದುಕೊಳ್ಳಿ. 2ರ 11ನೇ ಘಾತದಿಂದ 1 ಕಳೆದರೆ 2047, ಅದು 23 × 89. ಈ 23 ಅಲ್ಲಿಗೆ ಹೇಗೆ ಬಂತು? 2ರಿಂದ ಶುರುಮಾಡಿ ದ್ವಿಗುಣಿಸುತ್ತ ಹೋಗಿ, 23 ದಾಟಿದಾಗಲೆಲ್ಲ 23 ಕಳೆಯಿರಿ: 2, 4, 8, 16, 9, 18, 13, 3, 6, 12, 1. ಹನ್ನೊಂದನೇ ಹೆಜ್ಜೆಗೆ 1ಕ್ಕೆ ಬಂದು ನಿಂತಿತು. ಗಾಣದ ಎತ್ತಿನ ಹಾಗೆ, ಸುತ್ತು ಹನ್ನೊಂದು ಹೆಜ್ಜೆಯದು. ಭಾಜಕ ಅವಿಭಾಜ್ಯವಾಗಿದ್ದರೆ ಅದರಿಂದ 1 ಕಳೆದಷ್ಟು ಹೆಜ್ಜೆಗಳಲ್ಲಿ ಎತ್ತು ಖಂಡಿತ 1ಕ್ಕೆ ಮರಳುತ್ತದೆ, ಇದು ಫರ್ಮಾ ಹೇಳಿದ್ದು. ಹಾಗಾಗಿ 22ರಲ್ಲಿ ಹನ್ನೊಂದರ ಸುತ್ತುಗಳು ಪೂರ್ತಿ ಕೂರಬೇಕು, ಎರಡು ಕೂರುತ್ತವೆ. 88ರಲ್ಲಿ ಎಂಟು.

ನಮ್ಮ ಸಂಖ್ಯೆಯಲ್ಲಿ 11ರ ಬದಲು 31. ಅದನ್ನು ಭಾಗಿಸಬಲ್ಲ ಯಾವುದೇ ಅವಿಭಾಜ್ಯದಿಂದ 1 ಕಳೆದರೆ 31ರಿಂದ ಹೋಗಬೇಕು. ಬೆಸ ಸಂಖ್ಯೆಯಾದ್ದರಿಂದ 62ರಿಂದಲೇ ಹೋಗಬೇಕು. ಇನ್ನೊಂದು ಕಟ್ಟಳೆಯೂ ಇದೆ: ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕು. ಇದರ ಕಾರಣ ಇಲ್ಲಿ ಬರೆದರೆ ನೀವೆಲ್ಲ ಮಲಗುತ್ತೀರಿ. ಎರಡನ್ನೂ ಸೇರಿಸಿದರೆ ಉಮೇದುವಾರರು ಎರಡೇ ಜಾತಿ, 248ರ ಗುಣಕಕ್ಕೆ 1 ಕೂಡಿಸಿದವು, 63 ಕೂಡಿಸಿದವು. 46,340ರೊಳಗೆ ಅಂಥವು 373. ಅವುಗಳಲ್ಲಿ ತಾವೇ ಅವಿಭಾಜ್ಯವಾದವು ಎಂಬತ್ತರ ಆಸುಪಾಸು.

ಎಂಬತ್ತು ಭಾಗಾಕಾರ. ಭಾವ, ಆಡಿಟ್ ಮುಗಿದ ಮೇಲೆ ಒಂದು ಭಾನುವಾರ.

ಚಾಲಿ ಬೆಟ್ಟೆ · ರಾತ್ರಿ 10:20

ದೇವಿಮನೆ ಘಟ್ಟದಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡರೆ ಕುಮಟೆ ಮುಟ್ಟುವಷ್ಟರಲ್ಲಿ ಎಂಬತ್ತೂ ಮುಗಿಯುತ್ತವೆ.

ಅಪ್ಪೆಮಿಡಿ · ರಾತ್ರಿ 10:22

ಘಟ್ಟದ ರಸ್ತೆ ಈಗ ತೆರೆದಿದೆಯೇ? ಗುರುವಾರ ಕುಮಟೆಗೆ ಹೋಗುವುದಿದೆ.

ಚಾಲಿ ಬೆಟ್ಟೆ · ರಾತ್ರಿ 10:25

ಬಸ್ ಓಡುತ್ತಿದೆ. ತಿರುವುಗಳಲ್ಲಿ ಮಣ್ಣು ಜಾರಿದೆ, ಬೆಳಿಗ್ಗೆಯೇ ಇಳಿದುಬಿಡಿ ಅಕ್ಕ.

ಸಂಶಯಪಿಶಾಚಿ · ಮಂಗಳವಾರ ಬೆಳಿಗ್ಗೆ 7:50

ಮೇಷ್ಟರ ಪಾಠ ಓದಿದೆ. ಹಾಗಾದರೆ ಸೂತ್ರ ಸುಲಭವಾಯಿತಲ್ಲ: 2ಕ್ಕೆ ಅವಿಭಾಜ್ಯ ಘಾತ ಹಾಕಿ 1 ಕಳೆದರೆ ಅವಿಭಾಜ್ಯ. 31 ಅವಿಭಾಜ್ಯ, ಹಾಗಾಗಿ ಇದೂ ಅವಿಭಾಜ್ಯ. ಭಾಗಾಕಾರವೇ ಬೇಡ.

ಘಟ್ಟದ ಕೆಳಗಿನವಳು · ಬೆಳಿಗ್ಗೆ 8:05

ನಿನ್ನೆ ರಾತ್ರಿ ಮೇಷ್ಟರು ಕೊಟ್ಟ ಉದಾಹರಣೆಯೇ ನಿಮ್ಮ ಸೂತ್ರವನ್ನು ಮುರಿಯುತ್ತದೆ. 11 ಅವಿಭಾಜ್ಯ, 2047 ಅಲ್ಲ. ಘಾತ ಅವಿಭಾಜ್ಯವಾಗಿರುವುದು ಬೇಕು, ಆದರೆ ಅಷ್ಟೇ ಸಾಲದು.

ಈ ಜಾತಿಗೆ ಹೆಸರು ಬಂದದ್ದೇ ಹೀಗೆ ಎಡವಿದವರಿಂದ. ಮರ್ಸೆನ್ ಎಂಬ ಫ್ರಾನ್ಸಿನ ಪಾದ್ರಿ 1644ರಲ್ಲಿ ಒಂದು ಪಟ್ಟಿ ಕೊಟ್ಟ, 257ರವರೆಗಿನ ಯಾವ ಯಾವ ಘಾತಕ್ಕೆ ಅವಿಭಾಜ್ಯ ಬರುತ್ತದೆ ಎಂದು. 31 ಅದರಲ್ಲಿತ್ತು, ಸರಿಯಾಯಿತು. 67 ಮತ್ತು 257 ಇದ್ದವು, ತಪ್ಪಾದವು. 61, 89, 107 ಇರಬೇಕಿತ್ತು, ಬಿಟ್ಟುಹೋಗಿದ್ದವು. ಐದು ತಪ್ಪು ಮಾಡಿದರೂ ಇಡೀ ಕುಲಕ್ಕೆ ಅವನ ಹೆಸರೇ ನಿಂತಿತು.

67ನೆಯದರದ್ದು ವಿಚಿತ್ರ. 1876ರಲ್ಲಿ ಲ್ಯೂಕಾ ಎಂಬ ಗಣಿತಜ್ಞ ಅದು ಅವಿಭಾಜ್ಯವಲ್ಲ ಎಂದು ತೋರಿಸಿದರು, ಆದರೆ ಯಾವುದರಿಂದ ಒಡೆಯುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. 1903ರಲ್ಲಿ ಕೋಲ್ ಎಂಬ ಅಮೆರಿಕದ ಗಣಿತಜ್ಞ ಸಭೆಯೊಂದರಲ್ಲಿ ಅಪವರ್ತನಗಳನ್ನು ಹಲಗೆಯ ಮೇಲೆ ಗುಣಿಸಿ ತೋರಿಸಿದರು: 193707721 × 761838257287. ಬಾಯಿ ಬಿಡದೆ ಬರೆದು ಕೂತರು, ಸಭೆ ಚಪ್ಪಾಳೆ ತಟ್ಟಿತು ಎಂದು ಕಥೆ.

ಕಿರ್ದಿ ಪುಸ್ತಕ · ಬೆಳಿಗ್ಗೆ 9:40

ಇದು ನನಗೆ ಅರ್ಥವಾಗುತ್ತಿಲ್ಲ. ಒಡೆಯುತ್ತದೆ ಎಂದು ಗೊತ್ತು, ಯಾವುದರಿಂದ ಎಂದು ಗೊತ್ತಿಲ್ಲ. ಹಣ ಕಡಿಮೆ ಬಿದ್ದಿದೆ, ಯಾರು ತೆಗೆದರೆಂದು ತಿಳಿಯದು ಎಂದಂತಾಯಿತು.

ಕಡಲತಡಿ · ಬೆಳಿಗ್ಗೆ 9:48

ನಗದು ತಾಳೆಯಾಗದಿದ್ದರೆ ಕಳವಾಗಿದೆ ಎಂದು ಗೊತ್ತಾಗುವುದಿಲ್ಲವೇ, ಕಳ್ಳ ಸಿಗುವ ಮೊದಲೇ? ಇದೂ ಹಾಗೆಯೇ, ಭಾವ.

ಘಟ್ಟದ ಕೆಳಗಿನವಳು · ಬೆಳಿಗ್ಗೆ 10:15

ಆ ತಾಳೆ ನೋಡುವ ಬಗೆಯನ್ನು ಕೈಯಾರೆ ಮಾಡಬಹುದು. ನಾನು ಬಸ್ ಕಾಯುತ್ತ ಮಾಡಿದೆ. 4ರಿಂದ ಶುರು. ವರ್ಗ ಮಾಡಿ 2 ಕಳೆಯುವುದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳುವುದು. ಘಾತಕ್ಕಿಂತ ಎರಡು ಕಡಿಮೆ ಸಲ ಇದನ್ನೇ ಮಾಡಿದಾಗ 0 ಬಂದರೆ ಅವಿಭಾಜ್ಯ, ಬೇರೆ ಏನು ಬಂದರೂ ಅಲ್ಲ. ಲ್ಯೂಕಾ ಹಾಕಿದ ದಾರಿ, 1930ರ ದಶಕದಲ್ಲಿ ಲೆಹ್ಮರ್ ತಿದ್ದಿ ನೆಟ್ಟಗೆ ಮಾಡಿದರು.

127ಕ್ಕೆ, ಅಂದರೆ 7ನೇ ಘಾತಕ್ಕೆ: 4, 14, 67, 42, 111, 0. ಐದು ಸಲಕ್ಕೆ ಸೊನ್ನೆ. ಅವಿಭಾಜ್ಯ.

2047ಕ್ಕೆ: 4, 14, 194, 788, 701, 119, 1877, 240, 282, 1736. ಒಂಬತ್ತನೇ ಸಲವೂ ಸೊನ್ನೆ ಬರಲಿಲ್ಲ, ಹಾಗಾಗಿ ಅಲ್ಲ. ಈ ಸಾಲಿನಲ್ಲಿ 23 ಆಗಲಿ 89 ಆಗಲಿ ಎಲ್ಲಿಯಾದರೂ ಇಣುಕುತ್ತದೆಯೇ ನೋಡಿ. ಇಲ್ಲ. ಕಳವಾದದ್ದು ಖಚಿತ, ಕಳ್ಳನ ಸುಳಿವಿಲ್ಲ.

ಮೇಷ್ಟರು · ಬೆಳಿಗ್ಗೆ 10:40

701ರ ವರ್ಗದಲ್ಲಿ ತಪ್ಪಿರಬಹುದೆಂದು ಪೆನ್ಸಿಲ್ ಹಿಡಿದೆ. ತಪ್ಪಿಲ್ಲ. ಒಳ್ಳೆಯದು ತಂಗಿ.

ಯಲ್ಲಾಪುರದ ಬೆಂಗಳೂರಿಗ · ಬೆಳಿಗ್ಗೆ 11:05

ಸೂತ್ರ ನೆನಪಿರಲಿಲ್ಲ, ಕ್ಷಮಿಸಿ. ಒಂದು ಮಾತ್ರ ಖಚಿತವಾಗಿ ಗೊತ್ತು: 2147483647 ಪ್ರಪಂಚದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ. ಶಾಲೆಯಲ್ಲಿ ಓದಿದ್ದೇನೆ.

ಮೇಷ್ಟರು · ಬೆಳಿಗ್ಗೆ 11:09

ಯಾವ ಶಾಲೆಯೋ ಮಾರಾಯರೇ, 1850ಕ್ಕಿಂತ ಮೊದಲಿನದಿರಬೇಕು! ಅತಿ ದೊಡ್ಡ ಅವಿಭಾಜ್ಯ ಎಂಬುದೇ ಇಲ್ಲ, ಅವು ಮುಗಿಯುವುದಿಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ತೋರಿಸಿದ್ದಾನೆ. ಗೊತ್ತಿರುವವುಗಳಲ್ಲಿ ದೊಡ್ಡದು ಎಂದರೆ ಸರಿ. ಆಯ್ಲರ್ ನಂತರ ಎಂಬತ್ತು ವರ್ಷಕ್ಕೂ ಮೇಲೆ ಆ ಪಟ್ಟ ಇದರದ್ದೇ ಆಗಿತ್ತು. 1811ರಲ್ಲಿ ಪೀಟರ್ ಬಾರ್ಲೋ ಎಂಬ ಇಂಗ್ಲಿಷರವನು ಇದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಯ ಬಗ್ಗೆ ಬರೆಯುತ್ತ, ಇವೆಲ್ಲ ಬರಿಯ ಕುತೂಹಲದ ವಸ್ತುಗಳು, ಉಪಯೋಗವಿಲ್ಲ, ಇದರಾಚೆಗೆ ಹುಡುಕುವ ಗೋಜಿಗೆ ಯಾರೂ ಹೋಗಲಿಕ್ಕಿಲ್ಲ ಎಂದುಬಿಟ್ಟ.

ಅಪ್ಪೆಮಿಡಿ · ಬೆಳಿಗ್ಗೆ 11:20

ಪರಿಪೂರ್ಣ ಸಂಖ್ಯೆ ಎಂದರೆ?

ಮೇಷ್ಟರು · ಬೆಳಿಗ್ಗೆ 11:31

ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ತಾನೇ ಬರುವುದು. 6 = 1+2+3. 28 = 1+2+4+7+14. ಮುಂದಿನವು 496, 8128. ಮರ್ಸೆನ್ ಜಾತಿಯ ಒಂದೊಂದು ಅವಿಭಾಜ್ಯದಿಂದಲೂ ಒಂದೊಂದು ಹುಟ್ಟುತ್ತದೆ. ನಮ್ಮ ಸಂಖ್ಯೆಯನ್ನು 2ರ 30ನೇ ಘಾತದಿಂದ ಗುಣಿಸಿದರೆ 2305843008139952128. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂದು ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ.

ಕಡಲತಡಿ · ಮಧ್ಯಾಹ್ನ 12:02

ಬಾರ್ಲೋ ಈಗ ಇದ್ದಿದ್ದರೆ! 2024ರ ಅಕ್ಟೋಬರಿನಲ್ಲಿ ಘೋಷಣೆಯಾದದ್ದು 2ರ 136279841ನೇ ಘಾತದಿಂದ 1 ಕಳೆದದ್ದು, 4,10,24,320 ಅಂಕಿಗಳು. ಲ್ಯೂಕ್ ಡ್ಯುರಾಂಟ್ ಎಂಬವರು ಹಲವು ದೇಶಗಳಲ್ಲಿ ಹರಡಿದ್ದ ಗ್ರಾಫಿಕ್ಸ್ ಚಿಪ್‌ಗಳಿಗೆ ಕೆಲಸ ಹಚ್ಚಿ ಹಿಡಿದರು. ಸೆಕೆಂಡಿಗೊಂದು ಅಂಕಿಯಂತೆ ಓದಿದರೆ ಊಟ ನಿದ್ರೆ ಬಿಟ್ಟು ಸುಮಾರು 475 ದಿನ ಬೇಕು. ಅದನ್ನೂ ಖಾತ್ರಿ ಮಾಡಿದ್ದು ತಂಗಿ ಬಸ್ ನಿಲ್ದಾಣದಲ್ಲಿ ಮಾಡಿದ ಅದೇ ವರ್ಗ ಮಾಡಿ 2 ಕಳೆಯುವ ಆಟದಿಂದ.

ಸಂಶಯಪಿಶಾಚಿ · ಮಧ್ಯಾಹ್ನ 12:10

ಉಪಯೋಗ ಏನು ಎಂದು ಬಾರ್ಲೋ ಕೇಳಿದ್ದರಲ್ಲಿ ತಪ್ಪೇನಿದೆ? ಇದರಿಂದ ಅಡಕೆಗೆ ರೇಟು ಬರುತ್ತದೆಯೇ?

ಚಾಲಿ ಬೆಟ್ಟೆ · ಮಧ್ಯಾಹ್ನ 12:13

ಅಡಕೆ ರೇಟಿನ ಸುದ್ದಿ ಎತ್ತಬೇಡಿ. ಮೊನ್ನೆ ರಾಶಿಯನ್ನು ಮಾರಿ ಬಂದ ಮೇಲೆ ಏರಿದೆ. ನಾನು ಮಾರುವುದನ್ನೇ ಕಾಯುತ್ತಿತ್ತು.

ಕಡಲತಡಿ · ಮಧ್ಯಾಹ್ನ 12:30

ಉಪಯೋಗ ಇದೆ. ದುಡ್ಡಿನ ವ್ಯವಹಾರ ಮುಚ್ಚಿಡುವ ಬೀಗಗಳಲ್ಲಿ ಒಂದು ಬಗೆಯವಕ್ಕೆ ಮುನ್ನೂರಕ್ಕೂ ಹೆಚ್ಚು ಅಂಕಿಗಳ ಎರಡು ಅವಿಭಾಜ್ಯಗಳು ಬೇಕು. ನಮ್ಮ ಸಂಖ್ಯೆ ಅದಕ್ಕೆ ತೀರ ಸಣ್ಣದು. ಇದರ ಕೆಲಸ ಬೇರೆ. ಒಂದು ಸಂಖ್ಯೆ ಹಿಡಿದು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ ಶೇಷ ತೆಗೆಯಿರಿ, ಅದನ್ನು ಮತ್ತೆ ಗುಣಿಸಿ. ಈ ಸಾಲು 214 ಕೋಟಿ ಚಿಲ್ಲರೆ ಸಂಖ್ಯೆಗಳನ್ನೂ ಒಂದೊಂದು ಸಲ ಮುಟ್ಟಿದ ಮೇಲೆಯೇ ಮೊದಲಿಗೆ ಮರಳುವುದು. ಮಧ್ಯದಲ್ಲಿ ನೋಡಿದವರಿಗೆ ತಲೆಬುಡ ಇಲ್ಲದಂತೆ ಕಾಣುತ್ತದೆ. ಕಂಪ್ಯೂಟರುಗಳು ಬಹುಕಾಲ ಚೀಟಿ ಎತ್ತಿದ್ದು ಹೀಗೆ. ಚೌತಿಯ ಹೌಸಿ ಆಟಕ್ಕೆ ನಾನು ಬರೆದ ಪ್ರೋಗ್ರಾಂ ಕೂಡ ಇದರ ಮೇಲೆಯೇ ನಡೆಯಿತು. ಸತತ ಎರಡು ವರ್ಷ ನನ್ನ ಅತ್ತೆಗೇ ಬಹುಮಾನ ಬಂದದ್ದು ಕಾಕತಾಳೀಯ.

ಅಪ್ಪೆಮಿಡಿ · ಮಧ್ಯಾಹ್ನ 12:33

ಕಾಕತಾಳೀಯ. ಆಯಿತು.

ಯಲ್ಲಾಪುರದ ಬೆಂಗಳೂರಿಗ · ಮಧ್ಯಾಹ್ನ 1:15

ಈ ಸಲ ನನ್ನ ಕೆಲಸದ ವಿಷಯ, ತಪ್ಪುವುದಿಲ್ಲ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸಿ ಸಮಯ ಇಡುವ ಕಂಪ್ಯೂಟರುಗಳಿವೆ. ಹಳೆಯವುಗಳಲ್ಲಿ ಆ ಎಣಿಕೆಗೂ ಇದೇ 31 ಬಿಟ್‌ಗಳ ಕೊಳಗ. ಅದು ತುಂಬುವುದು 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಎಣಿಕೆ ಋಣಕ್ಕೆ ಮಗುಚಿ 1901ರ ಡಿಸೆಂಬರ್ ಆಗುತ್ತದೆ.

ಕಾಯಬೇಕಾಗಿಯೂ ಇಲ್ಲ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಇಪ್ಪತ್ತು ವರ್ಷದ ಗೃಹಸಾಲ ಕೊಟ್ಟಾಗ ಕೊನೆಯ ಕಂತಿನ ದಿನಾಂಕ 1901ನೇ ಇಸವಿ ಎಂದು ಬಂದು, ಸಾಲಗಾರ ನೂರು ವರ್ಷದ ಬಾಕಿದಾರನಾಗಿದ್ದ. ದಂಡದ ಬಡ್ಡಿಯನ್ನೂ ಲೆಕ್ಕ ಹಾಕಿಬಿಟ್ಟಿತ್ತು.

ಕಿರ್ದಿ ಪುಸ್ತಕ · ಮಧ್ಯಾಹ್ನ 1:22

ಅಯ್ಯೋ ದೇವರೇ. ತಮ್ಮಾ, ನಮ್ಮದರಲ್ಲಿ ತೋಟದ ಸಾಲದ ಕೊನೆಯ ಕಂತುಗಳನ್ನು ಈಗಲೇ ನೋಡು. ತೊಡದೇವು ಆಮೇಲೆ.

ಹೊಳೆಯಾಚೆಯವ · ಮಧ್ಯಾಹ್ನ 1:50

ನೋಡಿದೆ ಭಾವ. ದಿನಾಂಕದ ಕಾಲಂ ಬೇರೆ ಬಗೆಯದು, 2041ರವರೆಗಿನ ಕಂತುಗಳು ಸರಿಯಾಗಿವೆ. ಫೋನ್ ಸಂಖ್ಯೆಯ ಕಾಲಂ ಮಾಡಿದ ಪುಣ್ಯಾತ್ಮ ಮಾತ್ರ ಬೇರೆ ಇರಬೇಕು.

ಸಂಶಯಪಿಶಾಚಿ · ಮಧ್ಯಾಹ್ನ 2:05

1 ಕೂಡ ಅವಿಭಾಜ್ಯವೇ ಅಲ್ಲವೇ? ತನ್ನಿಂದ ಮತ್ತು ಒಂದರಿಂದ ಮಾತ್ರ ಹೋಗುತ್ತದೆ.

ಘಟ್ಟದ ಕೆಳಗಿನವಳು · ಮಧ್ಯಾಹ್ನ 2:07

ಅಲ್ಲ. ಭಾಜಕಗಳು ಸರಿಯಾಗಿ ಎರಡು ಇರಬೇಕು. 1ಕ್ಕೆ ಒಂದೇ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೇಡ.

ಹೊಳೆಯಾಚೆಯವ · ಶನಿವಾರ ಸಂಜೆ 5:30

ಏನಾಯಿತೆಂದು ಕೇಳಿದವರಿಗೆ. ಕಾಲಂ ಬದಲಿಸಿದೆ. ವಹಿಯಿಂದ ಸಂಖ್ಯೆಗಳನ್ನು ಮತ್ತೆ ಹಾಕುತ್ತಿದ್ದೇನೆ, ಕಾಗದದ ವಹಿಯನ್ನು ಒಲೆಗೆ ಹಾಕದೆ ಇಟ್ಟವರಿಗೆ ನಮಸ್ಕಾರ. ಇನ್ನೂರು ದಾಟಿದೆ.

ಹಾಳಾದ ಪಟ್ಟಿಯ ಹಾಳೆಗಳನ್ನು ಅಣ್ಣನ ಮಗಳು ಎತ್ತಿಕೊಂಡು ಹೋದಳು. ಅವುಗಳ ಬೆನ್ನಿನ ಮೇಲೆ ಮೇಷ್ಟರ 373 ಉಮೇದುವಾರರನ್ನು ಬರೆದಿದ್ದಾಳೆ. ಮೊದಲ ಸಾಲು 63, 249, 311, 497, 559. 63 ತಾನೇ ಒಡೆಯುತ್ತದೆ, ಹೊಡೆದುಹಾಕಿದಳು. 249 ಮೂರರಿಂದ ಹೋಗುತ್ತದೆ, ಹೊಡೆದಳು. 311 ನಿಂತಿತು. ಕೈಯಲ್ಲಿ ಭಾಗಿಸಿದಳು: 6905092 ಸಲ ಹೋಗಿ ಶೇಷ 35. ಅದಾದ ಮೇಲೆ 1303ರವರೆಗೆ ಒಂದೂ ನಿಲ್ಲಲಿಲ್ಲ, ಅದಕ್ಕೆ ಶೇಷ 226. ಹಾಳೆಯನ್ನು ತಿರುಗಿಸಿದರೆ ಆ ಕಡೆ ಭಾಗಿಸಬೇಕಾದ ಸಂಖ್ಯೆಯೇ ಸಾಲುಸಾಲಾಗಿ ಅಚ್ಚಾಗಿದೆ, ಬರೆದುಕೊಳ್ಳುವ ಶ್ರಮವೂ ಇಲ್ಲ.

ಗುರುವಾರದಿಂದ ಭಾವ ಕೂಡ ಊಟದ ಬಿಡುವಿನಲ್ಲಿ ಕೂರುತ್ತಿದ್ದಾರೆ. ಅವಳು ಕೈಯಲ್ಲಿ ಭಾಗಿಸುತ್ತಾಳೆ, ಇವರು ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಿ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿ ಹಾಕುತ್ತಾರೆ. ಎರಡು ಕಡೆ ಅವಳ ತಪ್ಪು ಹಿಡಿದರು, ಒಂದು ಕಡೆ ಅವರದ್ದು ಅವಳು. ಹನ್ನೊಂದು ಸಾವಿರದ ಹತ್ತಿರ ಇದ್ದಾರೆ.

ಕಿರ್ದಿ ಪುಸ್ತಕ · ಸಂಜೆ 5:41

ನನ್ನದು ತಪ್ಪಲ್ಲ, ಬಟನ್ ಎರಡು ಸಲ ಒತ್ತಿತ್ತು. ತೊಡದೇವು ತಂದು ಕಪಾಟಿನಲ್ಲಿ ಇಟ್ಟಿದ್ದೇನೆ. 46,191 ಮುಟ್ಟುವವರೆಗೆ ಯಾರೂ ಕಟ್ಟು ಬಿಚ್ಚುವಂತಿಲ್ಲ.

ಮೇಷ್ಟರು · ಸಂಜೆ 5:58

46,191 ಕೊನೆಯ ಉಮೇದುವಾರ, ಸರಿ. ಅದರ ಅಂಕಿಗಳನ್ನು ಕೂಡಿಸಿ ನೋಡಿ ಭಾವ, 21. ಮೂರರಿಂದ ಹೋಗುತ್ತದೆ. ಒಂದು ಭಾಗಾಕಾರ ಉಳಿಯಿತು.

ಚಾಲಿ ಬೆಟ್ಟೆ · ಸಂಜೆ 6:10

ಹೊಳೆಯಾಚೆಯವರೇ, ನನ್ನ ತಂದೆಯವರು ನಿಮ್ಮ ಸೊಸೈಟಿಯವರೇ ಎಂದು ಈಗ ಅನುಮಾನ ಬಂದಿದೆ. ಅವರಿಗೆ ಸಭೆಯ ಸಂದೇಶ ಇನ್ನೂ ಬಂದಿಲ್ಲ. ಇನ್ನೂರರ ಆಚೆ ಇರಬೇಕು, ಸ್ವಲ್ಪ ನೋಡಿ.